ಒಳಗೆ ಬಿಟ್ಟ ಬಟ್ಟೆ

ಕ್ರೇನಕ್ಕ ಹೆಗಲ ಮೇಲೆ ಚೀಲ ಹೊತ್ತು ಮೂರು ಮಹಡಿ ಹತ್ತಿ ಅಮ್ಮನ ಮನೆಯೊಳಗೆ ಕಾಲಿಟ್ಟಾಗ, ಅಮ್ಮ ಪ್ಲಾಸ್ಟರ್ ಹಾಕಿದ ಕಾಲನ್ನು ದಿಂಬಿನ ಮೇಲಿಟ್ಟುಕೊಂಡು ಮಂಚದಲ್ಲಿ ಕೂತಿದ್ದಳು. ಮಗಳನ್ನು ಮೇಲಿಂದ ಕೆಳಗೆ ಒಂದು ಸಲ ನೋಡಿದಳು, ಕೆಳಗಿಂದ ಮೇಲೆ ಇನ್ನೊಂದು ಸಲ ನೋಡಿದಳು. ಅರ್ಧ ಆಯುಷ್ಯ ಬೀದಿಯವರಿಗೆಲ್ಲ ಬಟ್ಟೆ ಹೊಲಿದ ಕಣ್ಣು ಅದು. ಟೇಪು ಹಿಡಿಯುವ ಮೊದಲೇ ಸೊಂಟದ ಅಳತೆ ಹೇಳಿಬಿಡುತ್ತಿತ್ತು.

"ಜಾರಿ ಬಿದ್ದಿದ್ದು ನಾನು, ಸೊರಗಿದ್ದು ನೀನಾ?" ಎಂದಳು ಅಮ್ಮ. "ಅರ್ಧ ಆಗಿ ಬಂದಿದ್ದೀಯಲ್ಲೇ. ಇನ್ನರ್ಧ ಎಲ್ಲಿಟ್ಟು ಬಂದೆ?"

ಅಣ್ಣ ನಕ್ಕ, ಅತ್ತಿಗೆ ನಕ್ಕಳು, ಕ್ರೇನಕ್ಕನೂ ನಕ್ಕಳು. ಅಮ್ಮ ಮಾತ್ರ ನಗಲಿಲ್ಲ.

ಈ ಅರ್ಧದ ಕಥೆಯನ್ನು ಮೊದಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದೆಲ್ಲ ಊಟದ ಮನೆಯ ಜಗಳ ಅನಿಸೀತು. ಕ್ರೇನಕ್ಕ ಎತ್ತರದ ಕಟ್ಟಡಗಳು ಏಳುವ ಕಡೆ ಕ್ರೇನು ನಡೆಸುವವಳು. ರಸ್ತೆಯಲ್ಲಿ ಓಡಾಡುವ ಕ್ರೇನಲ್ಲ, ಕಟ್ಟಡಕ್ಕಿಂತ ಎತ್ತರ ನಿಂತು ಉದ್ದನೆಯ ತೋಳು ಚಾಚುವಂಥದ್ದು. ಅದರ ನೆತ್ತಿಯ ಹತ್ತಿರ ಒಬ್ಬರು ಕೂರುವಷ್ಟು ಗಾಜಿನ ಕ್ಯಾಬಿನ್. ಅಲ್ಲಿಗೆ ಹೋಗಲು ಕಂಬದ ಒಳಗಿನ ಕಬ್ಬಿಣದ ಏಣಿ ಬಿಟ್ಟರೆ ಬೇರೆ ದಾರಿ ಇಲ್ಲ. ದಿನವೂ ಹತ್ತಬೇಕು, ದಿನವೂ ಇಳಿಯಬೇಕು.

ಮೇಲೆ ಹೋದರೆ ಕೂತು ಮಾಡುವ ಕೆಲಸ, ಕೆಳಗೆ ಬಂದರೆ ಕೂತು ಮಾಡುವ ಊಟ. ವರ್ಷಗಳು ಕಳೆದಂತೆ ಮೈ ಬೆಳೆಯಿತು. ಒಂದು ಬೆಳಿಗ್ಗೆ ಏಣಿಯ ನಡುವಿನಲ್ಲಿ ಉಸಿರು ಸಿಕ್ಕದೆ ಕಂಬಿ ಹಿಡಿದು ನಿಂತುಬಿಟ್ಟಳು. ಮೇಲೆ ಹೋಗಲಾರಳು, ಕೆಳಗೆ ಬರಲಾರಳು. ಕೆಳಗೆ ಕೆಲಸದವರೆಲ್ಲ ತಲೆಯೆತ್ತಿ ನೋಡುತ್ತ ನಿಂತರು. ಇಳಿದು ಬಂದ ಮೇಲೆ ಸೂಪರ್‌ವೈಸರ್ ಅವಳನ್ನು ಸಿಮೆಂಟ್ ಮೂಟೆ ತೂಗುವ ತಕ್ಕಡಿಯ ಮೇಲೆ ನಿಲ್ಲಿಸಿದ. ಆಪತ್ತು ಬಂದಾಗ ಕ್ಯಾಬಿನ್ನಿನಿಂದ ಆಳನ್ನು ಇಳಿಸಲು ಒಂದು ಹಗ್ಗ ಇರುತ್ತದೆ, ಅದು ತಾಳುವ ಭಾರಕ್ಕೆ ಒಂದು ಮಿತಿ ಇರುತ್ತದೆ. ಕ್ರೇನಕ್ಕ ಆ ಮಿತಿ ದಾಟಿದ್ದಳು. "ನಿನ್ನ ಜೀವ ಉಳಿಸೋ ಹಗ್ಗಾನೇ ನಿನ್ನ ತಾಳಲ್ಲಮ್ಮ," ಎಂದು ಅವಳನ್ನು ಉಗ್ರಾಣಕ್ಕೆ ಹಾಕಿದರು. ಅವಳು ಕಲಿಸಿಕೊಟ್ಟ ಹುಡುಗಿಯೇ ಅವಳ ಸೀಟಿನಲ್ಲಿ ಕೂತಳು. ಕ್ರೇನಕ್ಕ ಕೆಳಗೆ ಕೂತು ಎಲ್ಲರಿಗೂ ಕೈಗವಸು, ಮೊಳೆ ಹಂಚಿದಳು.

ಆಮೇಲೆ ಅವಳು ಮಾಡಿದ್ದನ್ನು ಸಾಧನೆ ಎನ್ನದೆ ಬೇರೆ ಹೆಸರಿಲ್ಲ. ಔಷಧಿ ಇಲ್ಲ, ಮಂತ್ರ ಇಲ್ಲ. ಚಿಕ್ಕ ತಟ್ಟೆ ಕೊಂಡಳು. ಕೆಲಸ ಶುರುವಾಗುವ ಮುಂಚೆ ಅರ್ಧ ಕಟ್ಟಿದ ಕಟ್ಟಡದ ಮೆಟ್ಟಿಲು ಹತ್ತಿ ಇಳಿದಳು. ಕೆಲವು ಸಲ ಹಸಿವಿಗೆ ಕಣ್ಣಲ್ಲಿ ನೀರು ಬಂತು, ಬರಲಿ ಎಂದು ಬಿಟ್ಟಳು. ವರ್ಷ ದಾಟಿದ ಮೇಲೆ ಅದೇ ತಕ್ಕಡಿಯ ಮೇಲೆ ತಾನಾಗಿಯೇ ಹೋಗಿ ನಿಂತು ಸೂಪರ್‌ವೈಸರನ್ನು ಕೂಗಿ ಕರೆದಳು. ಕ್ಯಾಬಿನ್ನಿಗೆ ಮರಳಿದ ದಿನ ಬಾಗಿಲು ಹಾಕಿಕೊಂಡು ಮನಸಾರೆ ಅತ್ತಳು. ಅಷ್ಟು ಎತ್ತರದಲ್ಲಿ ಅತ್ತರೆ ಯಾರಿಗೂ ಕೇಳುವುದಿಲ್ಲ.

ಈಗ ಆ ಕಟ್ಟಡ ಮುಗಿದಿತ್ತು. ಕ್ರೇನನ್ನು ಬಿಚ್ಚಿ ಸಾಗಿಸಿದ್ದರು. ಹೊಸ ಜಾಗದಲ್ಲಿ ಅದು ಎದ್ದು ನಿಲ್ಲಲು ಇನ್ನೂ ಕೆಲವು ತಿಂಗಳು ಬೇಕಿತ್ತು. ಅಷ್ಟರಲ್ಲಿ ಅಮ್ಮ ಕಾಲು ಮುರಿದುಕೊಂಡ ಸುದ್ದಿ ಬಂತು, ಹೊರಟು ಬಂದಳು. ಹೊಸ ಜಾಗದ ನಿಯಮ ಮಾತ್ರ ಮೊದಲೇ ಹೇಳಿದ್ದರು. ದೀರ್ಘ ರಜೆಯಿಂದ ಬಂದವರು ಮತ್ತೆ ತಕ್ಕಡಿ ಹತ್ತಬೇಕು, ಸೂಪರ್‌ವೈಸರ್ ಎದುರಿಗೆ ಏಣಿ ಹತ್ತಬೇಕು. ಎರಡರಲ್ಲಿ ಒಂದು ತಪ್ಪಿದರೂ ಉಗ್ರಾಣ, ಈ ಸಲ ಕಾಯಂ.

ಅಮ್ಮನ ಮನೆಯಲ್ಲಿ ತೂಕದ ಯಂತ್ರ ಇರಲಿಲ್ಲ. ಆದ್ದರಿಂದ ಕ್ರೇನಕ್ಕ ತನ್ನ ಕೆಲಸದ ಪ್ಯಾಂಟನ್ನೇ ಅಳತೆಗೋಲು ಮಾಡಿಕೊಂಡಳು. ಅದು ಅವಳು ದಪ್ಪಗಿದ್ದಾಗ ಕೊಂಡು ಹೊಸದಾಗೇ ಇಟ್ಟಿದ್ದ ಪ್ಯಾಂಟು. ತೆಳ್ಳಗಾದ ಮೇಲೆ ಸೈಟಿನ ಎದುರಿನ ದರ್ಜಿ ಅದನ್ನು ಹಿಡಿದು ಹೊಲಿದು ಚಿಕ್ಕದು ಮಾಡಿ ಕೊಟ್ಟಿದ್ದ. ಹೆಚ್ಚಿನ ಬಟ್ಟೆ ಕತ್ತರಿಸು ಎಂದರೆ ಅವನು ಒಪ್ಪಿರಲಿಲ್ಲ. "ಒಳಗೆ ಇರ್ಲಿ ಬಿಡಕ್ಕ, ನಾಳೆ ಮತ್ತೆ ದಪ್ಪ ಆದ್ರೆ ಬೇಕಾಗತ್ತೆ," ಎಂದಿದ್ದ. ಆ ಮಾತಿಗೆ ಅವಳ ಮೈಯೆಲ್ಲ ಉರಿದಿತ್ತು. ವಾರಕ್ಕೊಮ್ಮೆ ಆ ಪ್ಯಾಂಟು ಹಾಕಿ ನೋಡುವುದು, ಗುಂಡಿ ಸಲೀಸಾಗಿ ಬಿದ್ದರೆ ಸರಿ, ಬೀಳದಿದ್ದರೆ ತಟ್ಟೆ ಕಡಿಮೆ ಮಾಡುವುದು ಎಂದುಕೊಂಡಳು.

ಆದರೆ ಆ ಮನೆಯಲ್ಲಿ ತಟ್ಟೆ ಕಡಿಮೆ ಮಾಡುವುದು ಹುಡುಗಾಟವೇ? ಅಲ್ಲಿ 'ಸಾಕು' ಎಂದರೆ 'ಇನ್ನೊಂದು ಸೌಟು' ಎಂದು ಅರ್ಥ. 'ನಿಜವಾಗ್ಲೂ ಸಾಕು' ಎಂದರೆ 'ನಾಚಿಕೆ ಆಗ್ತಿದೆ, ಒತ್ತಾಯ ಮಾಡಿ' ಎಂದು ಅರ್ಥ. ಅಮ್ಮ ಮಂಚದಿಂದಲೇ ಅಡುಗೆಮನೆಯನ್ನು ಆಳುತ್ತಿದ್ದಳು. "ಬೆಣ್ಣೆ ಹಾಕಿದ್ಯಾ? ನೋಡೋಣ, ತೋರ್ಸು. ಇದನ್ನ ಹಾಕೋದು ಅಂತಾರಾ?" ಎಂದು ಅತ್ತಿಗೆಯನ್ನು ಗದರಿಸುತ್ತಿದ್ದಳು. ಅಣ್ಣ ಬೇಕರಿಯೊಂದರ ವ್ಯಾನು ಓಡಿಸುತ್ತಿದ್ದ. ಸಂಜೆ ಮನೆಗೆ ಬರುವಾಗ ಮೂಲೆ ಮುರಿದ ಕೇಕು, ಆಕಾರ ಕೆಟ್ಟ ಬಿಸ್ಕತ್ತು ಯಾವುದಾದರೂ ಪೊಟ್ಟಣದಲ್ಲಿ ಇದ್ದೇ ಇರುತ್ತಿತ್ತು.

"ತಿನ್ನೇ ಗುಂಡು, ಗಾಳಿ ಬಂದ್ರೆ ಹಾರಿ ಹೋಗ್ತೀಯ," ಎನ್ನುತ್ತಿದ್ದ ಅಣ್ಣ. ಮನೆಯಲ್ಲಿ ಅವಳಿಗೆ ಇನ್ನೂ ಹಳೆಯ ಹೆಸರೇ.

"ಗಾಳಿ ಜಾಸ್ತಿ ಇದ್ದ ಕಡೆನೇ ಕೆಲಸ ನಂದು. ಇನ್ನೂ ಹಾರಿಲ್ಲ," ಎನ್ನುತ್ತಿದ್ದಳು ಇವಳು.

ಮೊದಲ ವಾರಗಳಲ್ಲಿ ಅವಳು ಜಗ್ಗಲಿಲ್ಲ. ತಟ್ಟೆಯ ಮೇಲೆ ಅಂಗೈ ಅಡ್ಡ ಹಿಡಿದಳು. ಅಮ್ಮ ಮುಖ ಊದಿಸಿಕೊಂಡಳು, ತಾನೂ ಊಟ ಬಿಡುತ್ತೇನೆಂದು ಹೆದರಿಸಿದಳು. ಬಿಡಲಿಲ್ಲ ಅನ್ನುವುದು ಬೇರೆ ಮಾತು. ಪ್ಯಾಂಟು ಪ್ರತಿ ವಾರ ಸರಿಯಾಗಿ ಕೂರುತ್ತಿತ್ತು. ಕನ್ನಡಿಯ ಮುಂದೆ ನಿಂತು, "ನೋಡು ಅತ್ತಿಗೆ, ಬಂದಾಗ ಹೇಗಿತ್ತೋ ಹಾಗೇ ಇದೆ," ಎಂದು ಬೀಗುತ್ತಿದ್ದಳು. ಮಂಚದ ಮೇಲಿಂದ ಅಮ್ಮನೂ, "ಇದೆಯಲ್ಲ, ಮತ್ಯಾಕೆ ಹೆದರ್ತೀಯ? ಒಂದು ತುಂಡು ತಿಂದ್ರೆ ಏನಾಗತ್ತೆ?" ಎನ್ನುತ್ತಿದ್ದಳು.

ಹೌದಲ್ಲ ಎನಿಸಿತು ಕ್ರೇನಕ್ಕನಿಗೆ. ಒಂದು ತುಂಡು ತಿಂದಳು. ಪ್ಯಾಂಟು ಕೂತಿತು. ರೊಟ್ಟಿಗೆ ಬೆಣ್ಣೆ ಬಂತು. ಪ್ಯಾಂಟು ಕೂತಿತು. ಮಧ್ಯಾಹ್ನದ ನಿದ್ದೆ ಬಂತು, ಬೆಳಗಿನ ನಡಿಗೆ ಹೋಯಿತು. ಆದರೂ ಪ್ಯಾಂಟು ಕೂತಿತು. ತನ್ನ ಮೈ ಈಗ ತನ್ನ ಮಾತು ಕೇಳಲು ಕಲಿತಿದೆ ಎಂದು ಅವಳಿಗೆ ಹೆಮ್ಮೆಯೋ ಹೆಮ್ಮೆ.

ಒಂದು ದಿನ ತಾರಸಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದಳು. ಬಿಸಿಲು ಚುರುಕಾಗಿತ್ತು. ಪ್ಯಾಂಟನ್ನು ಕೊಡವಿ ಹಗ್ಗದ ಮೇಲೆ ಹಾಕಿದಾಗ ಹಿಂಭಾಗದ ನಡುಹೊಲಿಗೆಯ ಎರಡೂ ಪಕ್ಕದಲ್ಲಿ ಕಡುನೀಲಿಯ ಒಂದೊಂದು ಗೆರೆ ಕಂಡಿತು. ಉಳಿದ ಪ್ಯಾಂಟೆಲ್ಲ ಬಿಸಿಲು ಮಳೆಗೆ ಮಾಸಿ ಬೂದು ಬಣ್ಣಕ್ಕೆ ತಿರುಗಿತ್ತು, ಆ ಗೆರೆಗಳು ಮಾತ್ರ ಅಂಗಡಿಯಿಂದ ನಿನ್ನೆ ತಂದ ಹಾಗಿದ್ದವು. ಅದು ಒಳಗೆ ಬಿಟ್ಟ ಬಟ್ಟೆ. ಹೊರಗೆ ಬಂದಿತ್ತು.

ಪ್ಯಾಂಟನ್ನು ತಿರುವಿ ಹಾಕಿ ನೋಡಿದಳು. ದರ್ಜಿಯ ಮಿಷನ್ ಹೊಲಿಗೆ ಇರಲಿಲ್ಲ. ಅದರ ಜಾಗದಲ್ಲಿ ಕೈಹೊಲಿಗೆ ಇತ್ತು, ಇರುವೆ ಸಾಲಿನಷ್ಟು ಒತ್ತಾಗಿ, ಒಂದು ಗೀಟೂ ಸೊಟ್ಟ ಇಲ್ಲದೆ. ಪಕ್ಕದಲ್ಲೇ ಬಿಚ್ಚಿದ ಹಳೆಯ ಹೊಲಿಗೆಗಳ ಸೂಜಿ ತೂತುಗಳು ಒಂದು ಸಾಲಲ್ಲ, ಹಲವು ಸಾಲು. ಒಂದೇ ಸಲ ಬಿಚ್ಚಿದ್ದಲ್ಲ. ಸ್ವಲ್ಪ ಸ್ವಲ್ಪವೇ, ಅವಳು ಊದಿದ ಹಾಗೆಲ್ಲ ಬಿಚ್ಚಿ ಬಿಚ್ಚಿ ಹೊಲಿದದ್ದು. ಅಷ್ಟು ಚೊಕ್ಕವಾಗಿ ಹೊಲಿಯುವ ಕೈ ಆ ಮನೆಯಲ್ಲಿ ಒಂದೇ ಇತ್ತು.

ಒದ್ದೆ ಪ್ಯಾಂಟನ್ನು ಹಿಡಿದುಕೊಂಡೇ ಕೆಳಗೆ ಬಂದಳು. ಮಂಚದ ಮೇಲೆ ಹಾಕಿದಳು. "ಇದೇನಮ್ಮ ಇದು?" ಎಂದಳು.

ಅಮ್ಮ ಪ್ಯಾಂಟು ನೋಡಿದಳು, ಮಗಳ ಮುಖ ನೋಡಿದಳು, ಆಮೇಲೆ ಕಿಟಕಿ ನೋಡಿದಳು. "ಬಿಗಿ ಆಗ್ತಿತ್ತು. ಬಿಗಿ ಆದ್ರೆ ನೀನು ಊಟ ಬಿಡ್ತಿದ್ದೆ. ನೀನು ಸ್ನಾನಕ್ಕೆ ಹೋದಾಗ ಹೊಲಿಗೆ ಬಿಚ್ಚಿ ಒಂದೊಂದು ಗೀಟು ಬಟ್ಟೆ ಬಿಟ್ಟೆ."

"ನೀನು ಬಿಟ್ಟಿದ್ದು ಬಟ್ಟೆಯಲ್ಲಮ್ಮ, ನನ್ನ ಕೆಲಸ! ಹೋಗಿ ತಕ್ಕಡಿ ಮೇಲೆ ನಿಂತಾಗ ಈ ಪ್ಯಾಂಟು ಬಂದು ನನ್ನ ಪರ ಮಾತಾಡತ್ತಾ? ಎಲ್ಲರೆದುರಿಗೆ ಮತ್ತೆ ಮೊಳೆ ಹಂಚ್ಲಾ? ಊರಿನವರು ಮಾಡಿದ್ರೆ ಸಹಿಸ್ಕೋತಿದ್ದೆ. ನೀನೇ ನನ್ನ ಕಣ್ಣಿಗೆ ಮಣ್ಣೆರಚಿದ್ಯಲ್ಲ!"

ಅವಳ ಕೂಗಿಗೆ ಅತ್ತಿಗೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಅಮ್ಮ ಅತ್ತುಬಿಡುತ್ತಾಳೆ ಎಂದುಕೊಂಡರು ಇಬ್ಬರೂ. ಅಮ್ಮ ಅಳಲಿಲ್ಲ. ಒದ್ದೆ ಪ್ಯಾಂಟಿನ ಹೊಲಿಗೆಯನ್ನು ಹೆಬ್ಬೆರಳಿಂದ ಸವರುತ್ತ ಕೂತಳು.

"ನಿಮ್ಮಪ್ಪಂಗೆ ಕಾಯಿಲೆ ಬಂದಾಗ ನೀನು ದೂರ ಇದ್ದೆ," ಎಂದಳು ಆಮೇಲೆ. "ವಾರ ವಾರಕ್ಕೂ ಇಳೀತಾ ಹೋದ್ರು. ಅಂಗಿ ದೊಗಳೆ ಆದ್ರೆ ಅವ್ರಿಗೆ ಗೊತ್ತಾಗ್ಬಿಡತ್ತೆ ಅಂತ ನಾನು ಕದ್ದು ಕದ್ದು ಹಿಡಿದು ಹೊಲೀತಿದ್ದೆ. ಅವ್ರು ಕನ್ನಡಿ ಮುಂದೆ ನಿಂತು, 'ನೋಡೇ, ಅಂಗಿ ಸರಿಯಾಗೇ ಇದೆ, ನಾನೇನೂ ಇಳಿದಿಲ್ಲ' ಅನ್ನೋರು. ಕೊನೇ ಅಂಗಿ ಮಕ್ಕಳ ಅಂಗಿ ಅಷ್ಟಾಗಿತ್ತು. ನೀನು ಅವತ್ತು ಬಾಗ್ಲಲ್ಲಿ ನಿಂತಾಗ ನಂಗೆ ಅದೇ ಕಾಣಿಸ್ತು. ಈ ಸಲ ಹಿಡಿದು ಹೊಲಿಯೋದಲ್ಲ, ಬಿಚ್ಚಿ ಬಿಚ್ಚಿ ದೊಡ್ಡದು ಮಾಡ್ತೀನಿ ಅಂದ್ಕೊಂಡೆ."

ಕ್ರೇನಕ್ಕನ ಸಿಟ್ಟು ಅಲ್ಲಿಗೇ ನಿಂತಿತು. ಮಂಚದ ಅಂಚಿನಲ್ಲಿ ಕೂತಳು. "ಅಪ್ಪ ಇಳಿದಿದ್ದು ಕಾಯಿಲೆಯಿಂದ ಅಮ್ಮ. ನಾನು ಇಳಿಸಿದ್ದು. ನಾನೇ ಮಾಡಿದ್ದು, ಒಬ್ಬಳೇ, ಕಷ್ಟಪಟ್ಟು," ಎಂದಳು.

"ನೋಡೋಕೆ ಎರಡೂ ಒಂದೇ ಥರ ಇರತ್ತೆ ಕಣೇ," ಎಂದಳು ಅಮ್ಮ.

ಕ್ರೇನಕ್ಕ ಪ್ಯಾಂಟು ಎತ್ತಿಕೊಂಡು ಎದ್ದಳು. ಅವತ್ತು ಮಧ್ಯಾಹ್ನವೇ ಚೀಲ ಕಟ್ಟಿ ಹೊರಡೋಣ ಎನಿಸಿತು. ಕೆಲಸದವರ ಕ್ವಾರ್ಟರ್ಸಿನಲ್ಲಿ ಒಬ್ಬಳೇ ಇದ್ದರೆ ಬೇಗ ಇಳಿಸಬಹುದಿತ್ತು. ಆದರೆ ಅಮ್ಮನ ಮನೆಗೆ ಹೆದರಿ ಓಡಿಹೋದವಳು ಇನ್ನೆಷ್ಟು ದಿನ ಓಡುತ್ತಾಳೆ? ಇಲ್ಲೇ ಇರುತ್ತೇನೆ, ಇವರ ಮಧ್ಯೆಯೇ ತಿಂದು, ಇವರ ಕಣ್ಣೆದುರಿಗೇ ಇಳಿಸುತ್ತೇನೆ ಎಂದು ಹಟ ಹಿಡಿದಳು. ಮೂರು ಮಹಡಿಯ ಮನೆ, ಲಿಫ್ಟಿಲ್ಲ. ಮೆಟ್ಟಿಲು ಹತ್ತಿ ಇಳಿಯುವ ಕೆಲಸಗಳನ್ನೆಲ್ಲ ತಾನೇ ಕಿತ್ತುಕೊಂಡಳು. ಹಾಲು, ತರಕಾರಿ, ಕಸದ ಬುಟ್ಟಿ, ಗ್ಯಾಸ್ ಸಿಲಿಂಡರು, ಎಲ್ಲ ಅವಳ ಹೆಗಲಿಗೇ ಬಂತು. ಅತ್ತಿಗೆ ಬೇಕೆಂದೇ ಒಂದೊಂದು ಸಾಮಾನು ಮರೆತು ಮತ್ತೆ ಮತ್ತೆ ಕೆಳಗೆ ಕಳಿಸುತ್ತಿದ್ದಳು. "ಅಯ್ಯೋ, ಉಪ್ಪು ಹೇಳೋಕೆ ಮರ್ತೆ," ಎಂದು ಕಣ್ಣು ಮಿಟುಕಿಸುತ್ತಿದ್ದಳು. ಅಣ್ಣನ ಪೊಟ್ಟಣಗಳು ಕೆಳಮನೆಯ ಮಕ್ಕಳಿಗೆ ಹೋದವು. ಅಮ್ಮ ಬಾಯಿಗೆ ಬೀಗ ಹಾಕಿಕೊಂಡು ಎಲ್ಲ ನೋಡುತ್ತಿದ್ದಳು. ಬಡಿಸುವಾಗ ಏನೂ ಹೇಳುತ್ತಿರಲಿಲ್ಲ, ಆದರೆ ಮಗಳ ತಟ್ಟೆ ನೋಡಿ ಬಿಡುವ ನಿಟ್ಟುಸಿರು ಬೀದಿಗೆ ಕೇಳುತ್ತಿತ್ತು.

ಅಮ್ಮನ ಪ್ಲಾಸ್ಟರ್ ತೆಗೆಸುವ ದಿನ ಬಂತು. ಕುರ್ಚಿಯಲ್ಲಿ ಕೂರಿಸಿ ಕೆಳಗಿಳಿಸಲು ಅಣ್ಣ ಬೇಕರಿಯಿಂದ ಇಬ್ಬರಿಗೆ ಹೇಳಿದ್ದ. ಇಬ್ಬರೂ ಕೈಕೊಟ್ಟರು. ಡಾಕ್ಟರು ಹೊರಡುವ ಹೊತ್ತಾಗುತ್ತಿತ್ತು, ಅಣ್ಣ ಫೋನು ಹಿಡಿದು ಮೈ ಪರಚಿಕೊಳ್ಳುತ್ತಿದ್ದ. ಕ್ರೇನಕ್ಕ ಮಂಚದ ಮುಂದೆ ಬೆನ್ನು ಮಾಡಿ ಕೂತಳು.

"ಹತ್ತಮ್ಮ," ಎಂದಳು.

"ಹುಚ್ಚು ಹಿಡಿದಿದ್ಯಾ? ನನ್ನ ಭಾರ ಎಷ್ಟು, ನೀನು ಎಷ್ಟು!"

"ದಿನಾ ಬೆಳಿಗ್ಗೆ ಕಬ್ಬಿಣ ಎತ್ತೋಳು ನಾನು. ಹತ್ತು."

"ಅದು ಕ್ರೇನು ಎತ್ತೋದು, ನೀನಲ್ಲ," ಎಂದು ಗೊಣಗುತ್ತಲೇ ಅಮ್ಮ ಅವಳ ಕೊರಳಿಗೆ ಕೈ ಹಾಕಿದಳು. ಅಣ್ಣ ಪ್ಲಾಸ್ಟರ್ ಕಾಲನ್ನು ಜೋಪಾನವಾಗಿ ಎತ್ತಿ ಕೊಟ್ಟ. ಇಳಿಯುವುದು ಸುಲಭವಾಯಿತು.

ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಕತ್ತರಿಸಿದ ಡಾಕ್ಟರು, ಇವತ್ತು ಮೆಟ್ಟಿಲು ಮಾತ್ರ ಬೇಡ ಎಂದರು. ಹಾಗಾಗಿ ಹತ್ತುವುದೂ ಬೆನ್ನ ಮೇಲೇ. ಅಮ್ಮ ಕಿವಿಯನ್ನು ಮಗಳ ಕುತ್ತಿಗೆಗೆ ಒತ್ತಿಕೊಂಡಿದ್ದಳು. ಉಸಿರು ಎಲ್ಲಿ ಕಟ್ಟುತ್ತದೋ ಎಂದು ಕೇಳುತ್ತಿದ್ದಾಳೆ ಎಂದು ಕ್ರೇನಕ್ಕನಿಗೆ ಗೊತ್ತಾಯಿತು. ಮೊದಲ ಮಹಡಿಯಲ್ಲಿ, "ನಿಲ್ಲೇ, ಸುಧಾರಿಸ್ಕೋ," ಎಂದಳು ಅಮ್ಮ. ಇವಳು ನಿಲ್ಲಲಿಲ್ಲ. ಎರಡನೆಯ ಮಹಡಿಯಲ್ಲಿ, "ನನ್ನಾಣೆ, ನಿಲ್ಲು," ಎಂದಳು. ಇವಳು ನಿಲ್ಲಲಿಲ್ಲ. ತೊಡೆ ಉರಿಯುತ್ತಿತ್ತು, ಬೆವರು ಕಣ್ಣಿಗೆ ಇಳಿಯುತ್ತಿತ್ತು, ಆದರೆ ಉಸಿರು ಏಣಿ ಹತ್ತುವಾಗಿನ ಹಾಗೆ ಹದವಾಗಿ ಬಂದು ಹೋಗುತ್ತಿತ್ತು. ಮೇಲಿನ ಮೆಟ್ಟಿಲುಗಳಲ್ಲಿ ಅಮ್ಮ ಮಾತಾಡುವುದನ್ನೇ ಬಿಟ್ಟಳು.

ಮಂಚದ ಮೇಲೆ ಇಳಿಸಿದಾಗ ಅಮ್ಮ ಅವಳ ಕೈ ಬಿಡಲಿಲ್ಲ. ಅಂಗೈ ತಿರುಗಿಸಿ ನೋಡಿದಳು, ತೋಳು ಒತ್ತಿ ನೋಡಿದಳು. ಹೊಲಿಯಲು ಬಟ್ಟೆ ಕೊಂಡವಳು ಅದರ ಗಟ್ಟಿತನ ನೋಡುವ ಹಾಗೆ ನೋಡಿದಳು.

"ಕೊನೇಲಿ ನಿಮ್ಮಪ್ಪ ಈ ಮೆಟ್ಟಿಲಲ್ಲಿ ಅಲ್ಲಲ್ಲೇ ಕೂತ್ಕೋತಿದ್ರು," ಎಂದಳು. "ನೀನು ನನ್ನನ್ನೂ ಹೊತ್ಕೊಂಡು ಹತ್ತಿದ್ಯಲ್ಲೇ." ತೋಳನ್ನು ಮತ್ತೊಮ್ಮೆ ಒತ್ತಿ, "ಎರಡೂ ಒಂದೇ ಅಲ್ಲ," ಎಂದಳು.

ಆಮೇಲೆ, "ಆ ಪ್ಯಾಂಟು ತಾ. ಟೇಪು ತಾ. ಕತ್ತರಿನೂ ತಾ," ಎಂದಳು.

ಟೇಪನ್ನು ಮಗಳ ಸೊಂಟಕ್ಕೆ ಸುತ್ತಿ ಎಳೆದು ಹಿಡಿದಳು. "ಇನ್ನೂ ಒಂದು ಬೆರಳು ಜಾಸ್ತಿ ಇದೆ. ಸುಳ್ಳು ಹೇಳಲ್ಲ. ನಾನು ಹೊಲಿಯೋದು ಹಳೇ ಅಳತೆಗೇ. ಹೋಗೋದ್ರೊಳಗೆ ಇದ್ರೊಳಗೆ ಹಿಡಿಸೋದು ನಿನ್ನ ಪಾಡು." ಬಿಚ್ಚಿದ್ದನ್ನೆಲ್ಲ ಮತ್ತೆ ಹಿಡಿದಳು, ಸೀಮೆಸುಣ್ಣದಲ್ಲಿ ಗೆರೆ ಎಳೆದಳು, ಸಂಜೆಯವರೆಗೆ ಕೂತು ಹೊಲಿದಳು. ಹೊಲಿದು ಮುಗಿದ ಮೇಲೆ ಪ್ಯಾಂಟನ್ನು ತಿರುವಿ, ಒಳಗೆ ಉಳಿದಿದ್ದ ಬಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದಳು.

"ಅತ್ತೇ!" ಎಂದಳು ಅತ್ತಿಗೆ, ತಡೆಯಲಾಗದೆ. ಆ ಮನೆಗೆ ಸೊಸೆಯಾಗಿ ಬಂದಾಗಿನಿಂದ ಅತ್ತೆ ಯಾರ ಬಟ್ಟೆಯಲ್ಲೂ ಒಳಗೆ ಬಿಟ್ಟದ್ದನ್ನು ಕತ್ತರಿಸಿದ್ದು ಅವಳು ನೋಡಿರಲಿಲ್ಲ. ಮನುಷ್ಯರ ಮೈ ನಂಬಬಾರದು, ಬಟ್ಟೆ ಒಳಗಿರಬೇಕು ಅನ್ನುವುದು ಅಮ್ಮ ಕಲಿಸಿದ ಮೊದಲ ಪಾಠ. ಅಮ್ಮ ಕತ್ತರಿ ಇಟ್ಟು ಮೇಲಿಂದ ಕೆಳಗಿನವರೆಗೆ ಒಂದೇ ಏಟಿಗೆ ಸರ್ರನೆ ಕತ್ತರಿಸಿದಳು. ಕಡುನೀಲಿಯ ಪಟ್ಟಿ ನೆಲಕ್ಕೆ ಬಿತ್ತು.

"ಇನ್ನು ಬಿಚ್ಚೋಕೆ ಏನೂ ಇಲ್ಲ," ಎಂದು ಪ್ಯಾಂಟನ್ನು ಮಗಳ ಮಡಿಲಿಗೆ ಹಾಕಿದಳು. ಕ್ರೇನಕ್ಕ ಎಷ್ಟೋ ಮೆಚ್ಚುಗೆಯ ಮಾತು ಕೇಳಿದ್ದಳು, ಆದರೆ ಯಾರೂ ಅವಳನ್ನು ಇಷ್ಟು ನಂಬಿರಲಿಲ್ಲ.

ಹೊಸ ಸೈಟಿಗೆ ಅವಳನ್ನು ಬಿಡಲು ಅಣ್ಣ ವ್ಯಾನು ತೆಗೆದಾಗ, ಊರುಗೋಲು ಹಿಡಿದು ಅಮ್ಮ ಮುಂದಿನ ಸೀಟಿನಲ್ಲಿ ಆಗಲೇ ಕೂತಿದ್ದಳು. ಬೇಡ ಎಂದರೆ ಕೇಳುವ ಪೈಕಿ ಅಲ್ಲ. ಗೇಟಿನ ಕಾವಲುಗಾರ ಅಮ್ಮನ ಕೈಗೆ ಕೆಲಸದವರ ಒಂದು ಹಳದಿ ಟೋಪಿ ಕೊಟ್ಟು, ಪ್ಲಾಸ್ಟಿಕ್ ಕುರ್ಚಿ ತಂದು ಹಾಕಿದ. ಅಮ್ಮ ಟೋಪಿ ಹಾಕಿಕೊಂಡಳು, ಕುರ್ಚಿಯಲ್ಲಿ ಕೂರಲಿಲ್ಲ.

ಪ್ಯಾಂಟಿನ ಗುಂಡಿ ಬೆಳಿಗ್ಗೆ ಸಲೀಸಾಗಿ ಬಿದ್ದಿತ್ತು. ಆದರೂ ತಕ್ಕಡಿಯ ಮೇಲೆ ನಿಂತಾಗ ಕ್ರೇನಕ್ಕ ಮುಳ್ಳಿನ ಕಡೆ ನೋಡಲಿಲ್ಲ. ಸೂಪರ್‌ವೈಸರ್ ಬಗ್ಗಿ ಮುಳ್ಳು ನೋಡಿದ, ಇನ್ನೂ ಬಗ್ಗಿ ನೋಡಿದ. "ರಜಾಕ್ಕೆ ಹೋದಾಗ ಎಷ್ಟಿತ್ತೋ ಅಷ್ಟೇ ಇದೆಯಲ್ಲಮ್ಮ! ಅಮ್ಮನ ಮನೆಗೇ ತಾನೇ ಹೋಗಿದ್ದು?" ಎಂದ.

"ಹೌದು ಸಾರ್, ಅಲ್ಲೇ ನಿಂತಿದ್ದಾರೆ ನೋಡಿ," ಎಂದು ಗೇಟಿನ ಕಡೆ ಕೈ ತೋರಿಸಿ ಏಣಿ ಹಿಡಿದಳು.

ಹತ್ತಿದಳು. ಒಂದೊಂದೇ ಕಂಬಿ, ಅವಸರವಿಲ್ಲದೆ, ಎಲ್ಲೂ ನಿಲ್ಲದೆ. ಕೆಳಗಿನ ಸದ್ದು ಸಣ್ಣದಾಗುತ್ತ ಬಂತು, ಗಾಳಿ ದೊಡ್ಡದಾಗುತ್ತ ಬಂತು. ಕ್ಯಾಬಿನ್ನಿನ ಬಾಗಿಲು ತೆಗೆದು ಸೀಟಿನಲ್ಲಿ ಕೂತು ಕೆಳಗೆ ನೋಡಿದಳು. ಗೇಟಿನ ಹತ್ತಿರ ಒಂದು ಹಳದಿ ಚುಕ್ಕೆ ಆಗ ಕುರ್ಚಿಯಲ್ಲಿ ಕೂತಿತು. ಕ್ರೇನಕ್ಕ ಸನ್ನೆಕೋಲು ಹಿಡಿದು ದಿನದ ಮೊದಲ ಕಬ್ಬಿಣದ ಕಟ್ಟನ್ನು ನೆಲದಿಂದ ಮೇಲಕ್ಕೆತ್ತಿದಳು.

ಊಟದ ಹೊತ್ತಿಗೆ ಇಳಿದು ಬಂದಾಗ ಅಮ್ಮ ಕಾವಲುಗಾರನಿಗೆ, ಅವನ ಪಕ್ಕದವನಿಗೆ, ಸಿಮೆಂಟ್ ಲಾರಿಯ ಡ್ರೈವರನಿಗೆ ಮಗಳ ಪುರಾಣ ಹೇಳಿ ಮುಗಿಸಿದ್ದಳು. "ಎಲ್ಲೂ ನಿಲ್ಲಲಿಲ್ಲ, ನೋಡಿದ್ರಲ್ಲ? ಎಲ್ಲೂ!" ಎನ್ನುತ್ತಿದ್ದಳು. ಮನೆಯಿಂದ ತಂದ ಡಬ್ಬಿ ತೆಗೆದು ಮಗಳ ಮುಂದಿಟ್ಟಳು. ರೊಟ್ಟಿ, ತರಕಾರಿ, ಹಿಡಿಯಷ್ಟು ಅನ್ನ. ಬೆಳಗಿನಿಂದ ಎತ್ತರದ ಗಾಳಿಯಲ್ಲಿ ಕೂತಿದ್ದ ಕ್ರೇನಕ್ಕ ಅದನ್ನು ನೋಡುನೋಡುತ್ತಲೇ ಖಾಲಿ ಮಾಡಿದಳು. ಬೆರಳು ಚೀಪುತ್ತ, "ಇನ್ನೊಂಚೂರು ಇದ್ಯಾಮ್ಮ?" ಎಂದಳು.

ಅಣ್ಣ ಬಾಯಿ ತೆರೆದ. ಅಮ್ಮ ಅವನನ್ನು ಕಣ್ಣಲ್ಲೇ ಗದರಿಸಿ, ಡಬ್ಬಿಯ ಮುಚ್ಚಳವನ್ನು ಟಪ್ಪನೆ ಹಾಕಿದಳು.

"ಇಲ್ಲ," ಎಂದಳು ಕತ್ತೆತ್ತಿ, ಸುತ್ತಲಿದ್ದವರಿಗೆಲ್ಲ ಕೇಳುವ ಹಾಗೆ. "ನಾಳೆನೂ ಹತ್ಬೇಕಲ್ಲ ನೀನು."

ಹುಟ್ಟಿದಾಗಿನಿಂದ ಊಟದ ವಿಷಯಕ್ಕೆ ಅಮ್ಮನ ಬಾಯಲ್ಲಿ 'ಇಲ್ಲ' ಅನ್ನುವ ಮಾತು ಕೇಳಿರದ ಕ್ರೇನಕ್ಕ ಜೋರಾಗಿ ನಕ್ಕಳು. ಕೈ ತೊಳೆದುಕೊಂಡು ಮತ್ತೆ ಏಣಿಯ ಕಡೆ ನಡೆದಳು.